ಹದಿನೇಳನೆಯ ತಲೆ

ಕಡಲಕುದುರೆ ಅಂತಾರೆ ಅದಕ್ಕೆ, ಕಿವಿಯ ಒಳಮಗ್ಗುಲಲ್ಲಿ
ನೆನಪು ಕಾಯುವ ಆ ಬಾಗಿದ ಬೂದು ತುಂಡಿಗೆ.
ದಾವಣಗೆರೆಯಲ್ಲಿ ಕೂತು ನಾವು ಮೂವರು,
ಕಡಲನ್ನೇ ಸರಿಯಾಗಿ ಕಾಣದವರು,
ಮೌಸು ಹಿಡಿದು ಅದರ ಸುತ್ತ ಗೆರೆ ಎಳೆಯುತ್ತೇವೆ.
ತಲೆಗೆ ನಲವತ್ತು ಪಟ.

ಕೊಟ್ರೇಶಪ್ಪನ ಗೆರೆ ಬಿಗಿ.
ಅನುಮಾನ ಬಂದದ್ದನ್ನೆಲ್ಲ ಹೊರಗೆ ಬಿಡುತ್ತಾನೆ,
ಮೆಕ್ಕೆಜೋಳ ತೂಗುವ ಮನೆಯವನು.
ನಸೀಮಾಳದು ಸಡಿಲ. ಅವಳಮ್ಮ
ಬಾಷಾನಗರದಲ್ಲಿ ಬ್ಲೌಸು ಹೊಲೆಯುತ್ತಾರೆ:
"ಸೀಮೆಸುಣ್ಣದ ಮೇಲೆ ಕತ್ತರಿ ಆಡಿಸಬೇಡ, ಹೊರಗಾಡಿಸು.
ಒಳಗೆ ಬಟ್ಟೆ ಇದ್ದರೆ ನಾಳೆ ಬಿಚ್ಚಬಹುದು."
ನನ್ನದು ಯಾವುದೆಂದು ನನಗೆ ಗೊತ್ತಿರಲಿಲ್ಲ.

ಬಾಲದ ಹತ್ತಿರ ಮೂವರೂ ಬೇರೆ ಬೇರೆ.
ಬಿಳಿಯೂ ಅಲ್ಲ, ಕಪ್ಪೂ ಅಲ್ಲ, ಅಲ್ಲಿ
ಕುದುರೆ ಎಲ್ಲಿ ಮುಗಿದು
ಎಲ್ಲಿಂದ ಬರೀ ಮಿದುಳು?
ಡಾಕ್ಟರು ಕನ್ನಡಕ ಹಣೆಗೇರಿಸಿ "ಇಲ್ಲಿ" ಅಂದರು.
ಟೀ ಕುಡಿದು ಬಂದು "ಇಲ್ಲಿರಬಹುದು" ಅಂದರು.

ಹೋದ ವಾರ, ಹೇಳದೆ ಕೇಳದೆ,
ಹಳೇ ಪಟಗಳಿಗೇ ಹೊಸ ನಂಬರು ಹಾಕಿ ಕೊಟ್ಟಿದ್ದರಂತೆ.
ನಿನ್ನೆ ಒಂದರ ಮೇಲೊಂದು ಇಟ್ಟು ತೋರಿಸಿದರು:
ಕೆಂಪು ನಾನು, ಹಸಿರೂ ನಾನು.
ಮಿಕ್ಕ ತಲೆಗಳಲ್ಲಿ ನನಗೂ ನನಗೂ ಹೆಚ್ಚುಕಡಿಮೆ ರಾಜಿ.
ಹದಿನೇಳರಲ್ಲಿ ಮಾತ್ರ, ಮೊದಲ ಸಲದ ಬಾಲ
ಒಂದು ಅಕ್ಕಿಕಾಳಿನಷ್ಟು ಉದ್ದ.
ಯಾಕೆ ಅಂದರು. ಲೈಟು ಅಂದೆ.
ಸಂಜೆಯ ಕಣ್ಣು ಅಂದೆ.

ಹೆಸರು ಅಳಿಸಿಯೇ ಬರುತ್ತವೆ ಪಟಗಳು.
ಆದರೆ ಆ ದಿನ ಮಶೀನಿನ ಬಾಗಿಲಲ್ಲಿ
ಬಳೆ, ಮೂಗುಬಟ್ಟು ಬಿಚ್ಚಿಸಿ ಕೈಗೆ ತಗೊಂಡವಳು ನಾನೇ.
ಹತ್ತಿ ಗಿರಣಿ ಇದ್ದಷ್ಟು ದಿನ ನೂಲು ಸುತ್ತಿದ ಮುದುಕಿ.
"ನಮ್ಮವ್ವನ ಹೆಸ್ರು ನೆಪ್ಪಿಗೆ ಬರವಲ್ದು ತಂಗಿ,
ಒಳಗೆ ಎಲ್ಲಾರ ಐತೇನು, ನೋಡಿ ಹೇಳು."
ಎಷ್ಟು ಹೇಳಿದರೂ ಕತ್ತು ಎಡಕ್ಕೆ ವಾಲಿಸಿಯೇ ಮಲಗಿದಳು,
ಪಟವೂ ವಾಲಿಕೊಂಡೇ ಬಂತು.

ಎರಡನೇ ಸಲ ಕೊಡುವಾಗ
ಕಂಪ್ಯೂಟರು ತಲೆಯನ್ನು ನೆಟ್ಟಗೆ ಮಾಡಿತ್ತು.
ಗುರುತು ಸಿಗಲಿಲ್ಲ ನನಗೆ. ನಿಯಮದ ಪ್ರಕಾರ ಎಳೆದೆ.

ನಸೀಮಾ ಕೆಂಪನ್ನೇ ನೋಡುತ್ತಾ ಕೂತಿದ್ದಳು.
"ಒಳಗೆ ಬಟ್ಟೆ ಬಿಟ್ಟೀಯಲ್ಲೇ" ಅಂದಳು, ಮೆಲ್ಲಗೆ,
ಕೊಟ್ರೇಶಪ್ಪನಿಗೆ ಕೇಳದ ಹಾಗೆ.

ನಾಳೆ ಎಲ್ಲರ ಗೆರೆ ಕೂಡಿಸಿ ಸರಾಸರಿ ತೆಗೆಯುತ್ತಾರೆ.
ಆ ಅಕ್ಕಿಕಾಳಿನಲ್ಲಿ
ಒಂದು ನುಚ್ಚು ಉಳಿಯಬಹುದು.