ಬಂಗಡೆಯ ಬಿಸಿ

ಬೈತಖೋಲದ ಕೋಲ್ಡ್ ಸ್ಟೋರೇಜಿನಲ್ಲಿ ಇಪ್ಪತ್ತೆರಡು ವರ್ಷ
ಮೆಕ್ಯಾನಿಕ್ಕು ನಾನು. ಬಂದರಿನವರ ಲೆಕ್ಕದಲ್ಲಿ
ಚಳಿ ತಯಾರಿಸುವವ.
ಚಳಿಯನ್ನು ಯಾರೂ ತಯಾರಿಸುವುದಿಲ್ಲ ಮಾರಾಯ,
ಒಳಗಿನ ಬಿಸಿ ಹೊತ್ತು ಹೊರಗೆ ಸುರಿಯುವುದು,
ಹಮಾಲಿ ಕೆಲಸ.

ಸುರಿಯುವ ಜಾಗ ಹಿಂದಿನ ಗೋಡೆಯಾಚೆ.
ಜಡಿಮಳೆಯಲ್ಲಿ ರುಕ್ಮಾ ಹರಿಕಂತ್ರ
ಒದ್ದೆ ಸೀರೆ ಹರವುವುದು ಅಲ್ಲೇ,
ಅವಳ ಬೆಕ್ಕು ಮರಿ ಹಾಕಿದ್ದೂ ಅಲ್ಲೇ.
'ಇದು ಯಾರ ಒಲೆಯೋ ಇನಾಸ?' ಕೇಳಿದ್ದಳು.
ಬಂಗಡೆಯದು, ಎಂದೆ. ನಕ್ಕಳು.
ನಾನು ಸುಳ್ಳು ಹೇಳಿರಲಿಲ್ಲ.

ಮುಂಡಗೋಡ ಕ್ಯಾಂಪಿನ ಹುಡುಗ ಪಾಲ್ಡೆನ್,
ಕೆಲಸ ಕಲಿಯಲು ಬಂದವ, ಮಾತು ಕಮ್ಮಿ,
ಒಂದು ದಿನ ಸ್ಪ್ಯಾನರ್ ಒರೆಸುತ್ತ ಹೇಳಿದ:
ಲಡಾಖಿನಲ್ಲಿ ಅವನ ಅತ್ತೆ
ರಾತ್ರಿ ಹಾಸಿಗೆ ಪಕ್ಕ ಇಟ್ಟ ನೀರನ್ನು
ಬೆಳಿಗ್ಗೆ ಕುಟ್ಟಿ ಕುಡಿಯುತ್ತಾಳೆ.
ಸಗಣಿಬೆರಣಿಯ ಹೊಗೆಗೆ ಒಂದು ಕಣ್ಣು ಹೋಗಿದೆ.
'ಉಸ್ತಾದ್, ಈ ಮೆಷಿನ್ನು ಹಿಂದುಮುಂದಾಗಿ ಇಟ್ಟರೆ?'

ಹೊರಗೆ ಬಿಸಿಯೇ ಇಲ್ಲದಲ್ಲಿ ಹೊರುವುದೇನನ್ನು, ಎಂದುಬಿಟ್ಟೆ.
ರಾತ್ರಿ ನಿದ್ದೆ ಬರಲಿಲ್ಲ.
ನನ್ನದೇ ಅಮೋನಿಯಾ
ಮೈನಸ್ ಮೂವತ್ಮೂರರಲ್ಲಿ ಕುದಿಯುತ್ತದೆ,
ಕುದಿಯುತ್ತದೆ!
ಅಂದರೆ ಅದಕ್ಕೆ
ಮೈನಸ್ ಇಪ್ಪತ್ತೈದರ ಗಾಳಿಯೂ ಒಂದು ಒಲೆ.
ಇಷ್ಟು ವರ್ಷ ಕೈಯಲ್ಲಿ ಹಿಡಿದದ್ದು
ತಲೆಗೆ ಬಂದಿರಲಿಲ್ಲ.

ಜೂನ್. ಟ್ರಾಲರುಗಳೆಲ್ಲ ದಡದಲ್ಲಿ ಮಗುಚಿದ ಆಮೆಗಳಂತೆ.
ಗುಜರಿಯಿಂದ ಒಂದು ಕಿಟಕಿ ಏಸಿ ತಂದೆವು,
ಗ್ಯಾಸು ಬದಲಿಸಿದೆವು, ಕೊಳವೆ ಉದ್ದ ಮಾಡಿದೆವು,
ಮೈನಸ್ ಹದಿನೆಂಟರ ಕೋಣೆಯೊಳಗೆ
ಪ್ಲೈವುಡ್ಡಿನ ಪೆಟ್ಟಿಗೆಯಂಥ ಒಂದು ಮನೆ.
ಮಾಲೀಕರಿಗೆ ಹೇಳಿರಲಿಲ್ಲ.

ಮೊದಲ ದಿನ ಕಾಯಿಲು ಹಿಮಗಟ್ಟಿ ಉಸಿರು ಕಟ್ಟಿತು.
ಆಮೇಲೆ ತಿಳಿಯಿತು, ಗಂಟೆಗೊಮ್ಮೆ ವಾಲ್ವು ತಿರುವಿ
ಒಳಗಿನ ಬಿಸಿಯಲ್ಲೇ ಒಂದಿಷ್ಟು ಹಿಂದಕ್ಕೆ ಕಳಿಸಬೇಕು;
ಎರವಲು ತಂದ ಪಾತ್ರೆಯನ್ನು
ಬರಿದು ಮಾಡಿ ಮರಳಿಸಬಾರದು, ಅಮ್ಮ ಹೇಳುತ್ತಿದ್ದಳಲ್ಲ.

ನಾಲ್ಕನೇ ದಿನ ಪಾಲ್ಡೆನ್ ಪೆಟ್ಟಿಗೆಯೊಳಗೆ ಹೊಕ್ಕು
ಬಾಗಿಲೆಳೆದುಕೊಂಡ.
ಹೊರಗೆ ಕಂಬಳಿ ಹೊದ್ದು, ಮೀಸೆಯಲ್ಲಿ ಹಿಮ ಹೊತ್ತು
ನಾನು, ಸುತ್ತ ಬಂಗಡೆಯ ಕ್ರೇಟುಗಳು,
ಇದ್ದಬದ್ದ ಬಿಸಿಯನ್ನೂ ಬಿಟ್ಟುಕೊಡುತ್ತ.
ಹತ್ತು ನಿಮಿಷ. ಇಪ್ಪತ್ತು.
ಬಡಿದೆ. ಉತ್ತರವಿಲ್ಲ.
ಹೆದರಿ ಬಾಗಿಲು ತೆಗೆದರೆ

ಅಂಗಿ ಬಿಚ್ಚಿ ಮಡಚಿಟ್ಟು ಕೂತಿದ್ದಾನೆ,
ಮೊಣಕಾಲ ಮೇಲೆ ಕಾಗದ, ಅತ್ತೆಗೆ ಬರೆಯುತ್ತಿದ್ದಾನೆ.
'ಮೀನಿನ ವಾಸನೆ ಬರುತ್ತದೆ ಅಂತ ಬರೆಯಲಾ?'

ಬೇಡವೋ, ಎಂದೆ.
ಅಲ್ಲಿ ಬರುವುದಿಲ್ಲ.