ಗೀಟು ಬಿದ್ದ ಸಾಲು

ಮೊದಲು, ಸತ್ತಳೆಂದೇ ತಿಳಿದೆ.
ಸಾವಿರದೆಂಟುನೂರ ಅರವತ್ತೆಂಟರ ಪುಟದಲ್ಲಿ
ಬ್ರಿತಾ ಕಾಯ್ಸಾ ಎರ್ಸ್‌ದೋತ್ತೆರ್, ಮನೆಗೆಲಸದವಳು,
ಹೆಸರಿನ ಈ ತುದಿಯಿಂದ ಆ ತುದಿಗೆ
ಪಾದ್ರಿ ಎಳೆದ ಒಂದೇ ಗೀಟು.
ಹಿಂದಿನ ವರ್ಷ ಜೂನ್ ಬಂದರೂ ಕೆರೆ ಕರಗಿರಲಿಲ್ಲ,
ಜನ ಪೈನ್ ತೊಗಟೆ ಕುಟ್ಟಿ ಹಿಟ್ಟಿಗೆ ಬೆರೆಸಿದ್ದರು.
ಇನ್ನೇನೆಂದುಕೊಳ್ಳಲಿ?
ಹೆರ್ನೊಸಾಂಡಿನ ದಫ್ತರಖಾನೆಯಿಂದ ಹೊರಬಂದು
ಬಸ್ಸಿನ ಬೆಂಚಿನ ಮೇಲೆ ಕೂತು
ಬುತ್ತಿ ಬಿಚ್ಚಿದೆ, ಮತ್ತೆ ಮುಚ್ಚಿದೆ.

ಮುಂದಿನ ವಾರ ಅಲ್ಲಿಯ ಹುಡುಗ ಮೆಲ್ಕರ್ ಹೇಳಿದ:
ಗುನ್ವೊರ್, ಗೀಟೆಂದರೆ ಸಾವಲ್ಲ,
ಈ ಪುಟ ಬಿಟ್ಟು ಹೋದಳು, ಅಷ್ಟೆ.
ಇಲ್ಲಿ ಹೊಡೆದುಹಾಕಿದವರನ್ನು
ಮುಂದಿನ ಊರಲ್ಲಿ ಹುಡುಕಬೇಕು.

ನನಗೆ ಹೇಳಿಕೊಡುತ್ತಾನೆ! ಮೂವತ್ತೊಂದು ವರ್ಷ
ಸುಂಡ್ಸ್‌ವಾಲಿನ ಅಂಚೆಯಲ್ಲಿ ಕಾಗದ ವಿಂಗಡಿಸಿದವಳು ನಾನು.
ವಿಳಾಸ ತಪ್ಪಿದವರ ಜಾಡು
ಕಣ್ಣಿಗಿಂತ ಮೊದಲು ಕೈಗೆ ಗೊತ್ತು.

ಪಾದ್ರಿ ವರ್ಷಕ್ಕೊಮ್ಮೆ ಮನೆಮನೆಗೆ ಬಂದು
ಓದಿಸಿ, ಧರ್ಮಪಾಠ ಒಪ್ಪಿಸಿಕೊಂಡು
ಖಾನೆ ತುಂಬುತ್ತಿದ್ದ.
ಓದು: ಒಂದಿಷ್ಟು.
ಅರ್ಥ: ದುರ್ಬಲ.
ಸಿಡುಬು: ಬಂದು ಹೋಗಿದೆ.
ಇಪ್ಪತ್ತೆರಡರ ಹುಡುಗಿ ಇಷ್ಟರಲ್ಲೇ ಮುಗಿದಿದ್ದಾಳೆ.
ಆದರೂ ಆ ಕಡೆಯ ಮಾತಿನಿಂದ
ಅವಳ ಕೆನ್ನೆ ಕಂಡಿತು ನನಗೆ.

ನದಿಗುಂಟ ಕೆಳಗೆ, ಮೂರು ಊರು ದಾಟಿ,
ಗರಗಸದ ಕಾರ್ಖಾನೆಯ ಬಿಡಾರದಲ್ಲಿ ಸಿಕ್ಕಳು.
ಜೊತೆಗೊಂದು ಕೂಸು, ಹೆಣ್ಣು.
ತಂದೆ ಎಂಬಲ್ಲಿ ಖಾಲಿ.
ಖಾಲಿಯೂ ಅಲ್ಲ, ಶಾಯಿಯದೊಂದು ಚುಕ್ಕೆ:
ಲೇಖನಿ ಅಲ್ಲಿ ತಡೆದು ನಿಂತು
ಅವಳ ಮುಖ ನೋಡಿರಬೇಕು.
ಅವಳು ಬಾಯಿ ಬಿಟ್ಟಿರಲಿಕ್ಕಿಲ್ಲ.
ಕೊನೆಗೆ ಮಗುವಿಗೂ ಎರಿಕನ ಹೆಸರೇ ಅಂಟಿತು,
ಹಾಗಾಗಿ ನನ್ನಜ್ಜಿ
ಕಾಗದದಲ್ಲಿ ಹೆತ್ತವಳಿಗೇ ತಂಗಿ.

ತಾಯಿಬೇರು ಹಿಡಿದು ಹಿಂದಕ್ಕೆ ಹೋಗಿ ನೋಡಿ,
ಒಂದೊಂದು ಮನೆಯಲ್ಲೂ ಬೇರೊಬ್ಬ ಗಂಡಸು ಕದ ತೆರೆಯುತ್ತಾನೆ.
ಎರಿಕನ ಮಗಳು. ಅವಳ ತಾಯಿ ಊಲೋಫನ ಮಗಳು.
ಅವಳ ತಾಯಿ ಇನ್ಯಾವನೋ ಪೆರ್‌ನ ಮಗಳು.
ಹೆಂಗಸರು ಒಳಗೆಲ್ಲೋ ಇದ್ದಾರೆ,
ಒಲೆಯ ಸದ್ದು ಕೇಳುತ್ತದೆ,
ಕರೆದರೆ ಬರುವುದಿಲ್ಲ.

ಎಂಬತ್ತೊಂಬತ್ತರಲ್ಲಿ ಹೊಸ ಪಾದ್ರಿ, ದುಂಡನೆಯ ಅಕ್ಷರ.
ಓದು: ಚೆನ್ನಾಗಿ.
ಏನು, ಚೆನ್ನಾಗಿಯೇ?
ಇಪ್ಪತ್ತು ಕೂಲಿಗಳಿಗೆ ಗಂಜಿ ಬೇಯಿಸುತ್ತ,
ಅವರ ಅಂಗಿಯ ಮರದ ಹೊಟ್ಟು ಕೊಡವುತ್ತ
ಯಾವ ಹೊತ್ತಿನಲ್ಲಿ ಕಲಿತೆ, ತಾಯಿ?
ಅಥವಾ ಈ ಪಾದ್ರಿ ಧಾರಾಳಿಯೋ?
ಅದಕ್ಕೆ ಖಾನೆಯಿಲ್ಲ.

ಅವಳು ಸತ್ತ ಮೇಲೆ ಇಬ್ಬರು ಬಂದು ಮನೆ ಎಣಿಸಿದರು.
ತಾಮ್ರದ ಕಾಫಿ ಪಾತ್ರೆ ಒಂದು, ಮೂತಿ ಬೆಸೆದದ್ದು.
ಉಣ್ಣೆ ಹಿಂಜುವ ಹಣಿಗೆ, ಜೋಡಿ.
ಹೊದಿಕೆ ಎರಡು, ಹರಕು.
ಕುರಿ ಒಂದು, ಕುಂಟು.
ಕನ್ನಡಕ ಒಂದು, ಇಪ್ಪತ್ತೈದು ಓರೆ.
ಹೂಳಿದ ಖರ್ಚು ಕಳೆದರೆ ಉಳಿದದ್ದು ಸೊನ್ನೆ.

ಕನ್ನಡಕ! ನಾನು ಮೇಜು ಬಡಿದೆ,
ಆಚೆ ಕೂತವರು ತಿರುಗಿ ನೋಡಿದರು.
ಹೊಲಿಗೆಗೂ ಬೇಕಾಗುತ್ತದಲ್ಲ, ಎಂದ ಮೆಲ್ಕರ್ ಮೆಲ್ಲಗೆ.
ಸುಮ್ಮನಿರಪ್ಪ ನೀನು, ಎಂದೆ.
ಕುರಿ ಯಾರ ಪಾಲಾಯಿತೆಂದು ಬರೆದಿಲ್ಲ.

ಕಡೆಯ ಪುಟದಲ್ಲೂ ಗೀಟಿದೆ.
ಈ ಸಲ ಪಕ್ಕದಲ್ಲಿ ಮುಂದಿನ ಊರಿನ ಹೆಸರಿಲ್ಲ.
ಅಂಚೆಯವಳ ಅಭ್ಯಾಸ, ಹಾಳೆ ಮಗುಚಿದೆ.
ಬೆನ್ನಿಗೆ ಶಾಯಿ ಇಳಿದಿತ್ತು,
ತಿರುವುಮುರುವಾಗಿ, ತಿಳಿಯಾಗಿ,
ಗೀಟೂ, ಅದರಡಿಯ ಹೆಸರೂ.
ಬಲದಿಂದ ಎಡಕ್ಕೆ
ಬೆರಳಿಟ್ಟು ಓದಿದೆ.