ಪಂಪು ಹಚ್ಚಿದವರು ಯಾರು

ಭಾಂಡುಪ್, ಮೂರನೇ ಮಾಳಿಗೆ, ರಾತ್ರಿ ಹತ್ತೂ ನಲವತ್ತು.
ಪರದೆಯ ಆಚೆ ನನ್ನ ತಂಗಿ ಮತ್ತೊಮ್ಮೆ ಸತ್ತಳು.

"ಹೋಯ್ತು" ಎಂದಳು. ಅಷ್ಟೇ.
ಗುಂಡು ಬಂದದ್ದೇ ಕಾಣಲಿಲ್ಲವಂತೆ.
ಅವಳು ಗೋಡೆಯ ಮರೆಗೆ ಸರಿದಾಗಿತ್ತು,
ಸರಿದ ಸುದ್ದಿ ಮಾತ್ರ ತಲುಪಿರಲಿಲ್ಲ;
ಅಲ್ಲಿಯವರ ಲೆಕ್ಕದಲ್ಲಿ
ಇನ್ನೂ ಬಯಲಲ್ಲೇ ನಿಂತಿದ್ದಳು ಮೋಕ್ಷಿತಾ.

ಮೂವತ್ತೆಂಟು ಇರಬೇಕಾದ ಪಿಂಗ್
ನಾನೂರು ದಾಟಿ ಕೆಂಪಾಗಿ
ಜ್ವರದ ಕೂಸಿನ ಥರ್ಮಾಮೀಟರು.

ಮೊದಲು ಸಿಕ್ಕಿಬಿದ್ದದ್ದು ಅಮ್ಮನ ಧಾರಾವಾಹಿ.
ಅಮ್ಮ ಫೋನು ಮಗುಚಿಟ್ಟು,
ಅತ್ತೆ ವಿಷ ಬೆರೆಸಿದಳೋ ಇಲ್ಲವೋ ತಿಳಿಯದೆ
ಮೂರು ರಾತ್ರಿ ಮಗ್ಗುಲು ಬದಲಿಸಿದಳು.
ಪಿಂಗ್ ಇಳಿಯಲಿಲ್ಲ.
ಆಮೇಲೆ ಪಕ್ಕದ ಪಾಟ್ಕರ್ ಆಜಿ.
ಗಣಪತಿಯ ಆರತಿ ನೋಡಲೆಂದು ಕೊಟ್ಟ ಪಾಸ್‌ವರ್ಡು
ಅವರ ಮೊಮ್ಮಗನಿಗೆ ಮಗ್ಗಿಯಂತೆ ಬಾಯಿಪಾಠ.
ಬದಲಿಸಿದೆವು.
ಆ ಏಕಾದಶಿಗೆ ಆಜಿಯ ಮನೆಯಿಂದ ಸಾಬೂದಾಣಿ ವಡೆ ಬರಲಿಲ್ಲ.
ಪಿಂಗೂ ಇಳಿಯಲಿಲ್ಲ.

ರೌಟರು ಕಬ್ಬಿಣದ ಕಪಾಟಿನ ಹಿಂದಿತ್ತು,
ಮೇಲೆ ಸೂಟ್‌ಕೇಸು, ಅದರೊಳಗೆ
ಅಪ್ಪನ ಮುಚ್ಚಿಹೋದ ಕ್ಯಾಂಟೀನಿನ ಉದ್ರಿ ಪುಸ್ತಕಗಳು.
ಈಚೆ ತಂದು ದೇವರ ಫೋಟೋದ ಪಕ್ಕ ಮೊಳೆ ಹೊಡೆದೆವು.
ಈಗ ಮಂಗಳವಾರ ಅಪ್ಪ ಅದಕ್ಕೂ ಒಂದು ಹೂ ಇಡುತ್ತಾರೆ,
ಮೂರು ಹಸಿರು ದೀಪ ಹೇಗೂ ಉರಿಯುತ್ತಿವೆಯಲ್ಲ ಎಂದು.
ಸ್ವಲ್ಪ ಇಳಿಯಿತು, ಇಲ್ಲವೆನ್ನಲಾರೆ.
ಹತ್ತೂವರೆಯವರೆಗೆ.

ಕೇಬಲ್ಲಿನ ದಿಲೀಪ್ ಗುರವ್ ಬಂದ,
ಮೊಬೈಲು ಒತ್ತಿದ, "ಸ್ಪೀಡ್ ಏಕದಂ ಬರೋಬರ್" ಎಂದ,
ಚಹಾ ಕುಡಿದ, ಹೋದ.

ಅಮ್ಮ ಅಕ್ಕಿ ಆರಿಸುತ್ತ ಅಂದಳು:
"ನಿನ್ನನ್ನು ಬೆಳಿಗ್ಗೆ ಐದೂ ನಲವತ್ತಕ್ಕೆ ಎಬ್ಬಿಸಬೇಕು ಒಂದು ದಿನ.
ನೀರು ಬಂದದ್ದೇ ತಡ, ಕೆಳಗೆ ಯಾರೋ ಪಂಪು ಹಚ್ಚುತ್ತಾರೆ,
ನಮ್ಮ ನಲ್ಲಿ ಕೆಮ್ಮಿ ಸುಮ್ಮನಾಗುತ್ತದೆ.
ಮೇಲಿಂದ ಬೈದರೆ ಯಾರು ಕೇಳುತ್ತಾರೆ?
ಒಂದೊಂದೇ ಮೆಟ್ಟಿಲು ಇಳಿದು
ಬಾಗಿಲು ಬಾಗಿಲಿಗೆ ಕಿವಿಯಿಡಬೇಕು."

ಕಿವಿಯಿಟ್ಟೆ.
ಸದ್ದು ನನ್ನ ಮಂಚದ ಅಡಿಯಿಂದಲೇ ಬರುತ್ತಿತ್ತು.

ನಾನು ಮದುವೆ ವಿಡಿಯೋ ಹೊಲಿಯುವವನು.
ಹಗಲೆಲ್ಲ ಕತ್ತರಿಸಿ, ಜೋಡಿಸಿ, ಊಟ ಮುಗಿಸಿ
ಹತ್ತೂವರೆಗೆ ಅಪ್‌ಲೋಡ್ ಒತ್ತಿ,
ಲ್ಯಾಪ್‌ಟಾಪನ್ನು ಮಂಚದಡಿ ತಳ್ಳಿ ಮಲಗುವವನು.
ಮೂವತ್ತೆರಡು ಜಿಬಿ:
ಬೊಯಿಸರಿನ ವಧು, ಡ್ರೋನಿನ ಕಣ್ಣಿಗೆ ಬಿದ್ದ ಮಂಟಪ,
ಬ್ಯಾಂಡಿನವರು, ಹೆದರಿದ ಕುದುರೆ,
ಪನ್ನೀರಿನ ತಟ್ಟೆಯ ಸುತ್ತ ಇಪ್ಪತ್ತು ಮೊಣಕೈ.
ಇಳಿಯುವ ದಾರಿಯನ್ನೇ ಎಲ್ಲರೂ ಅಳೆದಿದ್ದೆವು.
ಏರುವ ದಾರಿ ನಮ್ಮ ಜಿನೆಯಷ್ಟೇ ಕಿರಿದು,
ಅದರ ತುಂಬ ನನ್ನ ದಿಬ್ಬಣ;
ಹಿಂದೆ, ಕೊನೆಯ ಮೆಟ್ಟಿಲ ಕೆಳಗೆ,
ದಾರಿ ಬಿಡಿ ಎನ್ನಲೂ ಬಾರದೆ ನಿಂತಿತ್ತು
ತಂಗಿಯ ಒಂದೇ ಒಂದು ಪುಟ್ಟ ಮಾತು:
ಸರಿದೆ.

ಎರಡು ದಿನ ಹೇಳಲಿಲ್ಲ.
ಆಜಿಗೆ ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟೆ,
ಅಮ್ಮನ ಫೋನನ್ನು ನಾನೇ ಅಂಗಾತ ಮಾಡಿದೆ.
ಮೂರನೆಯ ದಿನ ಹೇಳಿದೆ.
ಮೋಕ್ಷಿತಾ ಬೈಯಲಿಲ್ಲ;
"ಎಷ್ಟು ಸಲ ಸಾಯಿಸಿದೆ, ಲೆಕ್ಕ ಇದೆಯಾ?" ಎಂದು
ಬೆರಳು ಮಡಚತೊಡಗಿದಳು,
ಎರಡೂ ಕೈ ಮುಗಿದರೂ ನಿಲ್ಲಿಸಲಿಲ್ಲ.

ಈಗ ನನ್ನ ಅಪ್‌ಲೋಡಿಗೆ ಮೂಗುದಾರ.
ಹನ್ನೆರಡರವರೆಗೆ ಹನಿ ಹನಿ, ಆಮೇಲೆ ಬೇಕಾದಷ್ಟು.
ಪರದೆಯ ಆಚೆ, ಎಂದೂ ಕಾಣದ ನಾಸಿಕದ ಹುಡುಗನಿಗೆ
"ಬಾಯೇ ಸೆ ಆ, ಬಾಯೇ ಸೆ!" ಎಂದು ಕೂಗುತ್ತಾಳೆ.
ಈಚೆ, ನಾಲ್ಕು ಪರ್ಸೆಂಟಿಗೆ ನಿಂತ ನೀಲಿ ಗೆರೆ:
ಇನ್ನೂ ಹನ್ನೊಂದು ಗಂಟೆ ಬೇಕಂತೆ.

ಬೊಯಿಸರಿನ ವಧು ಕಾಯಲಿ.
ಅವಳ ಮದುವೆ ಹೇಗೂ ಆಗಿಹೋಗಿದೆ.